ಹರಿಯುವ ನೀರು ಮಣ್ಣನ್ನು ಸಾಗಿಸುವ ರೀತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಭೂಮಾಲಕರಿಗೂ ಊರ ಗೌಡರಿಗೂ ತಿಳಿವಳಿಕೆ

ಮಳೆಗಾಲದಲ್ಲಿ ಮಲಪ್ರಭೆಯ ನೀರು ಕೆಂಪಗೆ ಬರುವದನ್ನೂ, ಎರೆಭೂಮಿಯ ಹಳ್ಳಗಳು ಕಪ್ಪಗೆ ಹರಿಯುವದನ್ನೂ ಈ ಸೀಮೆಯ ಒಕ್ಕಲಿಗರೆಲ್ಲರೂ ಕಂಡಿರುತ್ತಾರೆ. ಆ ಬಣ್ಣವು ಹೊಲದ ಮಣ್ಣಿನದು. ಹೊಳೆಗೆ ಬಣ್ಣ ಬಂದಷ್ಟೂ ಹೊಲದ ಸಾರ ಹೋಯಿತೆಂದು ತಿಳಿಯತಕ್ಕದ್ದು. ಹೀಗಿದ್ದರೂ ಮಣ್ಣು ಯಾವ ರೀತಿಯಿಂದ ನೀರಿಗೆ ಬೀಳುತ್ತದೆ, ಹೇಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬದನ್ನು ವಿಚಾರಿಸಿದವರು ಕಡಿಮೆ. ಇದನ್ನು ಅರಿತವನಿಗೆ ತನ್ನ ಹೊಲದ ಮಣ್ಣನ್ನು ಎಲ್ಲಿ ತಡೆಯಬೇಕು, ಎಷ್ಟು ಸುಲಭವಾಗಿ ತಡೆಯಬಹುದು ಎಂಬದು ತಾನಾಗಿಯೇ ಹೊಳೆಯುವದು. ಆದಕಾರಣ ಈ ಪತ್ರಿಕೆಯಲ್ಲಿ ಆ ಸಂಗತಿಗಳನ್ನು ಕ್ರಮವಾಗಿ ವಿವರಿಸಲಾಗಿದೆ.

ಮಣ್ಣಿನ ಕಣಗಳ ಬಗೆ

ಮಣ್ಣೆಂಬದು ಒಂದೇ ವಸ್ತುವಾಗಿರದೆ ಬೇರೆ ಬೇರೆ ಗಾತ್ರದ ಕಣಗಳ ಕೂಟವಾಗಿರುತ್ತದೆ. 2 ಮಿಲಿಮೀಟರಿಗಿಂತ ದಪ್ಪವಾದ ಕಣಗಳಿಗೆ ಗರಸು ಎನ್ನುತ್ತೇವೆ. ಅದಕ್ಕಿಂತ ಸಣ್ಣದಾಗಿ ಮಿಲಿಮೀಟರಿನ 50ನೆಯ ಒಂದು ಪಾಲಿನವರೆಗಿನದು ಉಸುಕು. ಅಲ್ಲಿಂದ ಮುಂದೆ 500ನೆಯ ಒಂದು ಪಾಲಿನವರೆಗೆ ರೇವೆ. ಅದಕ್ಕೂ ಸಣ್ಣದು ಜೇಡಿ. ಉಸುಕು ಬೆರಳಿಗೆ ಒರಟಾಗಿ ಹತ್ತುವದು. ರೇವೆಯು ಹಿಟ್ಟಿನಂತೆ ನುಣುಪು. ಜೇಡಿಯು ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲಿನಂತೆ ಬಿರುಸು. ಎರೆಮಣ್ಣಿನಲ್ಲಿ ಜೇಡಿಯ ಭಾಗ ಹೆಚ್ಚು. ಮಸಾರಿಯಲ್ಲಿ ಉಸುಕಿನ ಭಾಗ ಹೆಚ್ಚು.

ಬೆಳೆಯ ಆಹಾರವೂ ನೀರಿನ ಹಸಿಯೂ ಹೆಚ್ಚಾಗಿ ಹಿಡಿದುಕೊಂಡಿರುವದು ಜೇಡಿಯನ್ನೂ ಅದರೊಡನೆ ಕೂಡಿದ ಕೊಳೆತ ಗೊಬ್ಬರದ ಅಂಶವನ್ನೂ. ಉಸುಕು ಗಿಡಕ್ಕೆ ನಿಲ್ಲಲು ಸ್ಥಳ ಕೊಡುವದು, ಊಟ ಕೊಡುವದು ಕಡಿಮೆ. ಈ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ವಿಷಯದ ಮಹತ್ವವು ಚೆನ್ನಾಗಿ ತಿಳಿಯುವದು.

ಶೀಸೆಯ ಪರೀಕ್ಷೆ

ಒಂದು ಅಗಲಬಾಯಿಯ ಗಾಜಿನ ಶೀಸೆಯಲ್ಲಿ ಹೊಲದ ಮಣ್ಣನ್ನು ಮೂರು ಬೆರಳಿನಷ್ಟು ಹಾಕಿ, ಮಳೆಯ ನೀರನ್ನು ತುಂಬಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಕಟ್ಟೆಯ ಮೇಲೆ ಇಡಬೇಕು. ಗರಸೂ ದಪ್ಪ ಉಸುಕೂ ಕೈ ತೆಗೆಯುವಷ್ಟರಲ್ಲಿಯೇ ತಳ ಸೇರುವವು. ರೇವೆಯೊಳಗಿನ ದಪ್ಪ ಕಣವು 10 ಸೆಂಟಿಮೀಟರ್ ಇಳಿಯಲು ಸುಮಾರು 5 ಮಿನಿಟು ಬೇಕು. ಜೇಡಿಯೊಳಗಿನ ದಪ್ಪ ಕಣಕ್ಕೆ ಅಷ್ಟೇ ದೂರ ಇಳಿಯಲು ಸುಮಾರು 8 ತಾಸು ಬೇಕು. ಅದಕ್ಕೂ ಸಣ್ಣ ಕಣಗಳು ಮರುದಿನವೂ ನೀರಿನಲ್ಲಿಯೇ ನಿಂತು ಬಣ್ಣ ಕೊಡುತ್ತಿರುವವು. ಬಾವಿಯ ಸವಳು ನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗನೆ ಇಳಿಯುವದರಿಂದ ಈ ಪರೀಕ್ಷೆಗೆ ಮಳೆಯ ನೀರೇ ಯೋಗ್ಯ.

ಇದರ ನಿಯಮವನ್ನು ಸ್ಟೋಕ್ಸ್ ಎಂಬ ಗಣಿತಜ್ಞರು 1851ರಲ್ಲಿ ಗೊತ್ತುಪಡಿಸಿದರು. ಸಣ್ಣ ಕಣಗಳು ನಿಂತ ನೀರಿನಲ್ಲಿ ಇಳಿಯುವ ವೇಗವು ಅವುಗಳ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಅಂದರೆ ಕಣವು ಹತ್ತರಷ್ಟು ಸಣ್ಣದಾದರೆ ನೂರರಷ್ಟು ನಿಧಾನವಾಗಿ ಇಳಿಯುವದು. 5 ಮಿನಿಟಿನ ಲೆಕ್ಕವು 8 ತಾಸಿಗೆ ಏರಿದ್ದು ಇದರಿಂದಲೇ. ಒಮ್ಮೆ ನೀರಿಗೆ ಬಿದ್ದ ಜೇಡಿಯು ಹೊಲದ ಬದುವಿನಲ್ಲಿ ಯಾಕೆ ನಿಲ್ಲುವದಿಲ್ಲ, ಹತ್ತಾರು ಹರದಾರಿ ದೂರ ಹೋಗಿ ಯಾಕೆ ನಿಲ್ಲುವದು ಎಂಬದಕ್ಕೆ ಶೀಸೆಯೇ ಉತ್ತರ ಹೇಳುವದು.

ಕಣಗಳು ಸಾಗುವ ನಾಲ್ಕು ರೀತಿ

ಹರಿಯುವ ನೀರಿನಲ್ಲಿ ಕಣಗಳು ನಾಲ್ಕು ವಿಧದಿಂದ ಸಾಗುತ್ತವೆ.

ಮೊದಲನೆಯದು ಉರುಳುವದು. ಗುಂಡುಕಲ್ಲು, ಗರಸುಗಳು ಹಳ್ಳದ ತಳವನ್ನು ಬಿಡದೆ ಜಾರುತ್ತ, ಹೊರಳುತ್ತ ಹೋಗುವವು. ಪ್ರವಾಹದ ರಾತ್ರಿಯಲ್ಲಿ ಹಳ್ಳದ ದಂಡೆಯ ಮೇಲೆ ನಿಂತವರಿಗೆ ಕೇಳುವ ಕಲ್ಲಿನ ಗಡಗಡ ಶಬ್ದವು ಇದೇ ಆಗಿರುತ್ತದೆ.

ಎರಡನೆಯದು ಜಿಗಿಯುವದು. ಉಸುಕಿನ ಕಣವು ನೀರಿನ ಎತ್ತುವ ಬಲಕ್ಕೆ ಸಿಕ್ಕು ತಳದಿಂದ ಸ್ವಲ್ಪ ಮೇಲೇಳುವದು, ನೀರಿನೊಡನೆ ತುಸು ದೂರ ಹೋಗುವದು, ತನ್ನ ಭಾರಕ್ಕೆ ಮತ್ತೆ ಬೀಳುವದು. ಬೀಳುವಾಗ ಬೇರೆ ಕಣಗಳನ್ನು ಬಡಿದು ಎಬ್ಬಿಸುವದು. ಹೊಳೆಯ ತಳದಲ್ಲಿ ಕಾಣುವ ಉಸುಕಿನ ತೆರೆಗಳು ಇಂಥ ಕಣಗಳ ಸಂಚಾರದಿಂದ ಉಂಟಾಗುವವು.

ಮೂರನೆಯದು ತೇಲಿ ಸಾಗುವದು. ಮಣ್ಣಿನ ಕಣವು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 2.65 ಪಟ್ಟು ಭಾರವಾಗಿದ್ದರೂ ತೇಲುವದು ಹೇಗೆಂದು ಕೇಳಬಹುದು. ಹರಿಯುವ ನೀರು ಒಂದೇ ಸಮನೆ ಮುಂದೆ ಸರಿಯುವದಿಲ್ಲ. ಅದರಲ್ಲಿ ಸಾವಿರಾರು ಸಣ್ಣ ದೊಡ್ಡ ಸುಳಿಗಳು ಮೇಲೆ ಕೆಳಗೆ ತಿರುಗುತ್ತಿರುತ್ತವೆ. ಕಣವು ಇಳಿಯುವ ವೇಗಕ್ಕಿಂತ ಸುಳಿಯು ಮೇಲೆತ್ತುವ ವೇಗವು ಹೆಚ್ಚಾದಾಗ ಆ ಕಣವು ತಳ ಮುಟ್ಟುವದೇ ಇಲ್ಲ. ರೇವೆ, ಜೇಡಿಗಳು ಹೀಗೆಯೇ ಸಾಗುವವು.

ನಾಲ್ಕನೆಯದು ಕರಗಿ ಸಾಗುವದು. ಸುಣ್ಣ, ಉಪ್ಪು, ಗೊಬ್ಬರದ ಕೆಲವು ಅಂಶಗಳು ನೀರಿನಲ್ಲಿ ಕರಗಿ, ತಿಳಿನೀರಿನಲ್ಲಿಯೂ ಕಣ್ಣಿಗೆ ಕಾಣದೆ ಹೋಗುವವು.

ನೀರಿನ ವೇಗದ ಬಲ

ನೀರಿನ ನೂಕುವ ಬಲವು ಅದರ ವೇಗದ ವರ್ಗದಂತೆ ಏರುತ್ತದೆ. ವೇಗವು ಎರಡರಷ್ಟಾದರೆ ನೂಕು ನಾಲ್ಕರಷ್ಟಾಗುವದು. ಆಗ ಅಡ್ಡಳತೆಯಲ್ಲಿ ನಾಲ್ಕರಷ್ಟಿರುವ ಕಲ್ಲನ್ನು ಉರುಳಿಸಬಹುದು. ಅಡ್ಡಳತೆಯು ನಾಲ್ಕರಷ್ಟಾದ ಕಲ್ಲಿನ ತೂಕವು 64ರಷ್ಟಾಗುವದೆಂಬದು ಲೆಕ್ಕ ಬಲ್ಲವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಕಾಲು ತೋಯಿಸುವಷ್ಟು ಹರಿಯುವ ಹಳ್ಳವು ಒಂದು ದೊಡ್ಡ ಮಳೆಗೆ ಬಂಡೆಗಳನ್ನು ಹೊರಳಿಸುವದರ ಮರ್ಮವು ಇಲ್ಲಿದೆ. ಇದರ ಮತ್ತೊಂದು ಮುಖವು ಒಕ್ಕಲಿಗನಿಗೆ ಹಿತಕರವಾದದ್ದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ನೀರು ಹೊರುವ ಮಣ್ಣು ಅರ್ಧಕ್ಕಿಂತ ಬಹಳ ಕಡಿಮೆಯಾಗುವದು. ಓಡುವ ನೀರನ್ನು ನಡೆಯುವಂತೆ ಮಾಡಿದರೆ ಸಾಕು, ಹೆಚ್ಚಿನ ಹೊರೆಯನ್ನು ಅದು ಅಲ್ಲಿಯೇ ಇಳಿಸಿ ಹೋಗುವದು.

ಸ್ವೀಡನ್ ದೇಶದ ಹ್ಯುಲ್‌ಸ್ಟ್ರೋಮ್ ಎಂಬ ವಿದ್ವಾಂಸರು 1935ರಲ್ಲಿ ಇನ್ನೊಂದು ಉಪಯುಕ್ತ ಸಂಗತಿಯನ್ನು ಪ್ರಕಟಿಸಿದರು. ನೀರಿಗೆ ಎಲ್ಲಕ್ಕಿಂತ ಸುಲಭವಾಗಿ ಕದಲುವ ಕಣವು ಮಧ್ಯಮ ಗಾತ್ರದ ಉಸುಕು. ಗರಸು ತನ್ನ ಭಾರದಿಂದ ಕದಲಲು ಒಲ್ಲದು; ಜೇಡಿಯು ಒಂದಕ್ಕೊಂದು ಅಂಟಿಕೊಂಡಿರುವದರಿಂದ ಅದೂ ಬೇಗ ಬಿಡದು. ಆದರೆ ಜೇಡಿಯನ್ನು ಒಮ್ಮೆ ಬಿಡಿಸಿ ಎಬ್ಬಿಸಿದ ಬಳಿಕ ಅತಿ ನಿಧಾನವಾದ ನೀರೂ ಅದನ್ನು ಹೊತ್ತೊಯ್ಯುವದು. ಆದಕಾರಣ ಎರೆಹೊಲದ ಮಣ್ಣನ್ನು ಉಳಿಸತಕ್ಕ ಸ್ಥಳವು ಅದು ಕದಲುವ ಸ್ಥಳವೇ ಆಗಿರುತ್ತದೆ. ಹಳ್ಳಕ್ಕೆ ಬಿದ್ದ ಮೇಲೆ ಹಿಡಿಯುತ್ತೇನೆಂಬದು ವ್ಯರ್ಥ.

ಅಂಟಿಕೊಂಡ ಜೇಡಿಯನ್ನು ಬಿಡಿಸುವವರು ಯಾರು? ಮಳೆಯ ಹನಿಯೇ. ದಪ್ಪ ಹನಿಯು ಸೆಕೆಂಡಿಗೆ 8-9 ಮೀಟರ್ ವೇಗದಿಂದ ಬರಿಯ ನೆಲಕ್ಕೆ ಬಡಿಯುವದು. ಆ ಪೆಟ್ಟಿಗೆ ಮಣ್ಣಿನ ಹೆಂಟೆ ಒಡೆದು, ಜೇಡಿಯು ಬಿಡಿಯಾಗಿ, ನೆಲದ ಸಣ್ಣ ರಂಧ್ರಗಳನ್ನು ಮುಚ್ಚುವದು. ಆಗ ನೀರು ಇಂಗದೆ ಇಳಿಜಾರಿಗೆ ಹರಿಯತೊಡಗಿ, ಬಿಡಿಯಾದ ಮಣ್ಣನ್ನು ಕೂಡಿಕೊಂಡು ಹೋಗುವದು. ಎಲೆಯ ಮೇಲೆಯೋ ಹುಲ್ಲು ರವದಿಯ ಮೇಲೆಯೋ ಬಿದ್ದ ಹನಿಗೆ ಈ ಬಲವಿಲ್ಲ.

ನಮ್ಮ ಸೀಮೆಯಲ್ಲಿ ನಡೆಯುವದೇನು

ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಿತ್ತೂರಿನ ಸಮೀಪದ ಮುಗುಟಖಾನ ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲದ ಸೀಮೆಯನ್ನು ಹಾಯ್ದು, ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಗುಡ್ಡದ ಕಣಿವೆಯನ್ನು ಹೊಕ್ಕು, ಮುನವಳ್ಳಿಯನ್ನು ಮುಟ್ಟಿ, 1948ರವರೆಗೆ ಸಂಸ್ಥಾನದ ರಾಜಧಾನಿಯಾಗಿದ್ದ ರಾಮದುರ್ಗಕ್ಕೆ ಇಳಿಯುತ್ತದೆ.

ಈ ದಾರಿಯಲ್ಲಿ ಮಣ್ಣೂ ಮಳೆಯೂ ಬದಲಾಗುತ್ತ ಹೋಗುವವು. ಪಶ್ಚಿಮದಲ್ಲಿ ಘಟ್ಟದ ಸೆರಗಿಗೆ ಮಳೆ ಬಹಳ, ಮಣ್ಣು ಕೆಂಪು; ಆದಕಾರಣ ಮುಂಗಾರಿಯ ಮೊದಲ ನೆರೆಯು ಕೆಂಪಗೆ ಬರುವದು. ಪೂರ್ವಕ್ಕೆ ಬಂದಂತೆ ಎರೆಭೂಮಿ ಹೆಚ್ಚುವದು. ಸವದತ್ತಿ, ರಾಮದುರ್ಗಗಳಲ್ಲಿ ವರ್ಷದ ಸರಾಸರಿ ಮಳೆ 25 ಅಂಗುಲಕ್ಕೂ ಕಡಿಮೆ. ಮಳೆ ಕಡಿಮೆಯಾದ್ದರಿಂದ ಮಣ್ಣು ಕೊಚ್ಚುವದೂ ಕಡಿಮೆಯೆಂದು ಭಾವಿಸುವದು ತಪ್ಪು. ಈ ಭಾಗದ ಮಳೆಯು ಕೆಲವೇ ದಿನಗಳಲ್ಲಿ ರಭಸದಿಂದ ಬೀಳುವದು. ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬಿತ್ತತಕ್ಕ ಹೊಲಗಳು ಆ ಕಾಲಕ್ಕೆ ಹರಗಿ ಬರಿದಾಗಿ ಬಿದ್ದಿರುತ್ತವೆ. ಎರೆಯ ಬಿರುಕುಗಳು ಮೊದಲ ಮಳೆಗಳನ್ನು ನುಂಗುವವು. ಆದರೆ ಮಣ್ಣು ನೆನೆದು ಉಬ್ಬಿ ಬಿರುಕು ಕೂಡಿದ ಮೇಲೆ ನೀರು ಬಲು ನಿಧಾನವಾಗಿ ಇಂಗುವದು. ಆಗ ಬಂದ ಉತ್ತರಿ, ಹಸ್ತಿ ಮಳೆಗಳ ನೀರು ಹೊಲದ ಮೇಲೆಯೇ ಓಡುವದು. ಬೆಳೆಗೆ ಬೇಕಾದ ನೀರೂ ಹೋಯಿತು, ಮಣ್ಣೂ ಹೋಯಿತು.

ಹಾನಿಯ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ಅದೇ ಎಕರೆಯಿಂದ ಒಂದು ಮಿಲಿಮೀಟರಿನಷ್ಟು ತೆಳುವಾದ ಮಣ್ಣಿನ ಪದರು ಹೋದರೆ ಸುಮಾರು 5 ಟನ್ನು ಮಣ್ಣು ಹೋದಂತೆ. ಬಂಡಿಗೆ ಅರ್ಧ ಟನ್ನಿನಂತೆ ಹೇರಿದರೆ 10 ಬಂಡಿ. ನೆರೆಯವನು ರಾತ್ರಿ ಬಂದು ಹೊಲದಿಂದ 10 ಬಂಡಿ ಮಣ್ಣು ಹೇರಿಕೊಂಡು ಹೋದರೆ ಗೌಡರ ಮನೆಗೆ ಫಿರ್ಯಾದು ಬರದೆ ಇರದು. ಮಳೆಯು ಹೇರಿಕೊಂಡು ಹೋದರೆ ಯಾರೂ ಕೇಳುವದಿಲ್ಲ, ಯಾಕಂದರೆ ಒಂದು ಮಿಲಿಮೀಟರು ಕಣ್ಣಿಗೆ ಕಾಣುವದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಇಳಿಜಾರಿನ ನೀರು ಎಲ್ಲ ಕಣಗಳನ್ನೂ ಸಮನಾಗಿ ಒಯ್ಯುವದಿಲ್ಲ. ದಪ್ಪ ಕಣಗಳನ್ನು ಬದುವಿನ ಬುಡದಲ್ಲಿ ಚೆಲ್ಲಿ, ಸಣ್ಣವನ್ನು ಆರಿಸಿಕೊಂಡು ಹೋಗುವದು. ಮೇಲೆ ಹೇಳಿದಂತೆ ಬೆಳೆಯ ಊಟವಿರುವದು ಆ ಸಣ್ಣ ಕಣಗಳಲ್ಲಿಯೇ. ಆದ್ದರಿಂದ ಹೋದ 10 ಬಂಡಿ ಮಣ್ಣು ಉಳಿದ ಮಣ್ಣಿಗಿಂತ ಸಾರದಲ್ಲಿ ಹೆಚ್ಚಿನದು. ಮಡ್ಡಿಯ ಹೊಲಗಳಲ್ಲಿ ತಂದೆಯ ಕಾಲಕ್ಕೆ ಬಂದಷ್ಟು ಜೋಳ ಮಗನ ಕಾಲಕ್ಕೆ ಬಾರದೆ, ಗರಸು ಮೇಲೆ ಕಾಣುತ್ತ ಬರುವದಕ್ಕೆ ಇದೇ ಮುಖ್ಯ ಕಾರಣ.

ಹೊಳೆ, ಜಲಾಶಯ ಮತ್ತು ಕಾಲುವೆ

ಹೊಳೆಯು ತಿರುಗುವಲ್ಲಿ ನೀರು ಹೊರಮಗ್ಗುಲಿಗೆ ವೇಗವಾಗಿ ಹಾಯ್ದು ದಂಡೆಯನ್ನು ಕೊರೆಯುವದು; ಒಳಮಗ್ಗುಲಿಗೆ ನಿಧಾನವಾಗಿ ಉಸುಕು, ರೇವೆಗಳನ್ನು ಚೆಲ್ಲುವದು. ಒಬ್ಬನ ಹೊಲ ಕರಗುವದು, ಎದುರು ದಂಡೆಯವನ ಹೊಲ ಬೆಳೆಯುವದು. ಕೊರೆಯುವ ದಂಡೆಯವನು ಅಂಚಿನವರೆಗೆ ರಂಟೆ ಹೊಡೆದು, ಗಿಡ ಹುಲ್ಲುಗಳನ್ನು ಕಿತ್ತಿದ್ದರೆ ಹಾನಿಯು ಇಮ್ಮಡಿಸುವದು.

ನವಿಲುತೀರ್ಥದ ಆಣೆಕಟ್ಟು 1972ರ ಸುಮಾರಿಗೆ ಮುಗಿದು ರೇಣುಕಾಸಾಗರವೆಂಬ ಜಲಾಶಯವಾಯಿತು. ಅದರ ಹಿಡಿತವು 37 ಟಿ.ಎಂ.ಸಿ.ಗೂ ತುಸು ಹೆಚ್ಚು. ಓಡಿಬಂದ ಹೊಳೆಯು ಜಲಾಶಯದ ನಿಂತ ನೀರನ್ನು ಹೊಕ್ಕೊಡನೆ ವೇಗ ಕಳೆದುಕೊಳ್ಳುವದು. ಗರಸು, ಉಸುಕುಗಳು ಜಲಾಶಯದ ಬಾಯಿಯಲ್ಲಿಯೇ ಬೀಳುವವು. ರೇವೆಯು ಮುಂದೆ, ಜೇಡಿಯು ಇನ್ನೂ ಮುಂದೆ ಆಣೆಕಟ್ಟಿನ ಕಡೆಗೆ ಸಾಗಿ ಇಳಿಯುವದು. ಶೀಸೆಯಲ್ಲಿ ನಡೆದದ್ದೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುವದು. ಕಿತ್ತೂರು, ಬೈಲಹೊಂಗಲಗಳ ಹೊಲದಿಂದ ಹೋದ ಮಣ್ಣು ಹೀಗೆ ಸವದತ್ತಿ, ರಾಮದುರ್ಗಗಳ ನೀರಿನ ಸ್ಥಳವನ್ನು ಆಕ್ರಮಿಸುವದು. ಮೇಲಿನವನ ನಷ್ಟವು ಕೆಳಗಿನವನ ಲಾಭವಾಗದೆ ಇಬ್ಬರಿಗೂ ನಷ್ಟವೇ ಆಗುವದು.

ಜಲಾಶಯದಿಂದ ಹೊರಬಿದ್ದ ನೀರು ತನ್ನ ಹೊರೆಯನ್ನು ಇಳಿಸಿ ಬಂದದ್ದರಿಂದ ಹೊಸ ಹೊರೆಗಾಗಿ ಕೆಳಗಿನ ತಳವನ್ನೂ ದಂಡೆಯನ್ನೂ ಕೊರೆಯುವ ಸ್ವಭಾವದ್ದು. ಅಲ್ಲಿ ಉಸುಕನ್ನು ಮಿತಿಮೀರಿ ತೆಗೆದರೆ ಹೊಳೆಯ ತಳವು ತಗ್ಗುವದು. ತಳ ತಗ್ಗಿದರೆ ಹೊಳೆಗೆ ಸೇರುವ ಹಳ್ಳಗಳ ಇಳಿಜಾರು ಹೆಚ್ಚಿ, ಕೊರಕಲು ಹಿಂದಕ್ಕೆ ಹೊಲಗಳವರೆಗೆ ಏರುವದು. ಇನ್ನೊಂದು ಕಡೆ, ಕೆಲವು ವರ್ಷ ದೊಡ್ಡ ನೆರೆ ಬಾರದಿದ್ದಾಗ ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆದು, ಅದರ ಬುಡದಲ್ಲಿ ರೇವೆ ನಿಂತು, ಪಾತ್ರವು ಕಿರಿದಾಗುವದು. ಅಲ್ಲಿ ಹೊಲ ಮಾಡುವವರೂ ಬರುವರು. ದೊಡ್ಡ ನೆರೆಯು ಬಂದ ದಿನ ನೀರಿಗೆ ದಾರಿ ಸಾಲುವದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗದ ತಗ್ಗಿನ ಭಾಗಗಳು ಮುಳುಗಿದ್ದನ್ನು ಆ ಊರಿನವರು ಮರೆತಿರಲಾರರು. ನೀರಿನ ದಾರಿಯನ್ನು ನೀರಿಗೆ ಬಿಡುವದೇ ಲೇಸು.

ಕಾಲುವೆಯ ವಿಷಯವಾಗಿ ಪಂಜಾಬದಲ್ಲಿ ಕೆನಡಿ ಎಂಬ ಎಂಜಿನಿಯರರು 1895ರಲ್ಲಿ ಒಂದು ನಿಯಮವನ್ನು ಹೇಳಿದರು. ಪ್ರತಿಯೊಂದು ಆಳಕ್ಕೂ ಒಂದು ತಕ್ಕ ವೇಗವುಂಟು. ಅದಕ್ಕಿಂತ ಹೆಚ್ಚಾದರೆ ಕಾಲುವೆ ಕೊರೆಯುವದು, ಕಡಿಮೆಯಾದರೆ ಹೂಳು ನಿಲ್ಲುವದು. ಹೊಲಗಾಲುವೆಗೆ ಕಲ್ಲು, ಚೀಲಗಳನ್ನು ಅಡ್ಡ ಹಾಕಿ ನೀರನ್ನು ಏರಿಸಿಕೊಳ್ಳುವವರು ಆ ತಕ್ಕ ವೇಗವನ್ನು ಕೆಡಿಸುತ್ತಾರೆ. ಅವರ ಮೇಲ್ಗಡೆ ಹೂಳು ತುಂಬುವದು; ಬಾಲದ ಹೊಲದವನಿಗೆ ನೀರು ಮುಟ್ಟದೆ ಹೋಗುವದು.

ಮಾಡತಕ್ಕ ಕೆಲಸಗಳು

ಸೊಲ್ಲಾಪುರ, ವಿಜಾಪುರಗಳಲ್ಲಿ 1933ರಲ್ಲಿ ಒಣಬೇಸಾಯದ ಸಂಶೋಧನೆಯು ಆರಂಭವಾಯಿತು. ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ನೀರಿನ ಸಂರಕ್ಷಣೆಯ ಕೇಂದ್ರವು ಸ್ಥಾಪಿತವಾಯಿತು. ಎರೆಭೂಮಿಯ ಅನುಭವದಿಂದ ಸಿದ್ಧವಾದ ಉಪಾಯಗಳಲ್ಲಿ ಒಕ್ಕಲಿಗನ ಕೈಗೆ ಎಟಕುವಂಥವು ಇವು:

1. ರಂಟೆ, ಕುಂಟೆ, ಕೂರಿಗೆಗಳನ್ನು ಇಳಿಜಾರಿಗೆ ಅಡ್ಡವಾಗಿಯೇ ಹೊಡೆಯತಕ್ಕದ್ದು. ಉದ್ದಕ್ಕೆ ಹೊಡೆದ ಸಾಲು ನೀರಿಗೆ ಕಾಲುವೆ. ಅಡ್ಡ ಹೊಡೆದ ಸಾಲು ನೀರಿಗೆ ಒಡ್ಡು. ಇದಕ್ಕೆ ಒಂದು ಕಾಸಿನ ಹೆಚ್ಚು ಖರ್ಚಿಲ್ಲ.

2. ಹಿಂಗಾರಿ ಬಿತ್ತುವ ಎರೆಹೊಲದಲ್ಲಿ ಮುಂಗಾರಿಯಲ್ಲಿಯೇ 10ರಿಂದ 15 ಫೂಟಿನ ಚೌಕು ಮಡಿಗಳನ್ನು ಮಾಡತಕ್ಕದ್ದು. ಬಿದ್ದ ಮಳೆಯು ಬಿದ್ದಲ್ಲಿಯೇ ನಿಂತು ಇಂಗುವದು. ಬಿತ್ತುವ ಮುಂದೆ ಹರಗಿ ಸಮ ಮಾಡಿಕೊಳ್ಳಬಹುದು.

3. ಮಸಾರಿ ಮತ್ತು ಹಗುರ ಭೂಮಿಗೆ ಸಮಪಾತಳಿಯ ಒಡ್ಡು ಯೋಗ್ಯ. ಆಳವಾದ ಎರೆಯಲ್ಲಿ ಸಮಪಾತಳಿಯ ಒಡ್ಡು ಬಿರುಕು ಬಿಟ್ಟು ಒಡೆಯುವದು ಅಥವಾ ನೀರು ನಿಂತು ಬೆಳೆ ಕೊಳೆಯುವದು. ಅಲ್ಲಿ 100 ಮೀಟರಿಗೆ 10ರಿಂದ 30 ಸೆಂಟಿಮೀಟರಿನಷ್ಟು ತುಸು ಇಳುಕಲುಳ್ಳ ಒಡ್ಡನ್ನು ಹಾಕಿ, ನೀರನ್ನು ಮೆಲ್ಲನೆ ಹುಲ್ಲು ಬೆಳೆದ ಹಾದಿಗೆ ಬಿಡತಕ್ಕದ್ದು.

4. ಒಡ್ಡಿನ ಮೇಲೆಯೂ ನೀರಿನ ಹಾದಿಯಲ್ಲಿಯೂ ಹುಲ್ಲನ್ನು ಬೆಳೆಸತಕ್ಕದ್ದು. ಹುಲ್ಲಿನ ಎಸಳು ನೀರಿನ ವೇಗವನ್ನು ಮುರಿಯುವದು. ಬೇರು ಮಣ್ಣನ್ನು ಹಿಡಿಯುವದು. ದನಕ್ಕೆ ಮೇವೂ ಆಗುವದು.

5. ಕೊರಕಲನ್ನು ಅದು ಮೊಳದಷ್ಟಿದ್ದಾಗಲೇ ಕಲ್ಲಿನ ಅಡ್ಡಗಟ್ಟೆಗಳಿಂದ ಕಟ್ಟತಕ್ಕದ್ದು. ಕಟ್ಟೆಯ ನಡುವು ತಗ್ಗಾಗಿಯೂ ಎರಡೂ ತುದಿ ಎತ್ತರವಾಗಿಯೂ ಇರಬೇಕು. ಇಲ್ಲದಿದ್ದರೆ ನೀರು ಪಕ್ಕವನ್ನು ಕೊರೆದು ಹೊಸ ದಾರಿ ಮಾಡುವದು.

6. ಹಳ್ಳ ಹೊಳೆಗಳ ದಂಡೆಯಲ್ಲಿ ಕೆಲವು ಮಾರುಗಳಷ್ಟು ಸ್ಥಳವನ್ನು ಉಳದೆ, ಗಿಡ ಹುಲ್ಲುಗಳಿಗೆ ಬಿಡತಕ್ಕದ್ದು.

7. ಬೇಸಿಗೆಯಲ್ಲಿ ಕೆರೆಯ ಗೋಡನ್ನು ತೆಗೆದು ಮಸಾರಿ ಹೊಲಗಳಿಗೆ ಹಾಕತಕ್ಕದ್ದು. ಹೋದ ಜೇಡಿಯಲ್ಲಿ ಸ್ವಲ್ಪವಾದರೂ ತಿರುಗಿ ಬರುವದು. ಕೆರೆಯ ಹಿಡಿತವೂ ಹೆಚ್ಚುವದು.

ಕೆಲಸದ ಫಲವನ್ನು ಕಣ್ಣಾರೆ ನೋಡಬಯಸುವವರು ಒಂದೇ ಮಳೆಯಲ್ಲಿ ಎರಡು ಶೀಸೆಗಳನ್ನು ತುಂಬಿಕೊಳ್ಳಬೇಕು. ಒಂದನ್ನು ಒಡ್ಡು ಹಾಕಿದ ಹೊಲದಿಂದ ಹೊರಬೀಳುವ ನೀರಿನಿಂದ, ಇನ್ನೊಂದನ್ನು ಒಡ್ಡಿಲ್ಲದ ಹೊಲದ ನೀರಿನಿಂದ. ಎರಡನ್ನೂ ಮೂರು ದಿನ ಚಾವಡಿಯಲ್ಲಿ ಇಟ್ಟು ತಳದ ಮಣ್ಣನ್ನು ಹೋಲಿಸಿದರೆ ಬೇರೆ ಉಪದೇಶ ಬೇಕಾಗುವದಿಲ್ಲ.

ಊರ ಹಿರಿಯರಲ್ಲಿ ವಿಜ್ಞಾಪನೆ

ನೀರಿಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ಮೇಲಿನ ಹೊಲದವನು ಒಡ್ಡು ಹಾಕದಿದ್ದರೆ ಅವನ ನೀರು ಕೆಳಗಿನವನ ಒಡ್ಡನ್ನು ಒಡೆಯುವದು. ಕೆಳಗಿನವನು ನೀರಿನ ಹಾದಿಯನ್ನು ಕಟ್ಟಿದರೆ ಮೇಲಿನವನ ಬೆಳೆ ಕೊಳೆಯುವದು. ಆದಕಾರಣ ಈ ಕೆಲಸವು ಒಬ್ಬೊಬ್ಬರಿಂದ ಆಗತಕ್ಕದ್ದಲ್ಲ. ಮಡ್ಡಿಯ ನೆತ್ತಿಯಿಂದ ಹಳ್ಳದ ಅಂಚಿನವರೆಗೆ ಒಂದು ಇಳಿಜಾರಿನ ಭೂಮಾಲಕರೆಲ್ಲರೂ ಕೂಡಿ, ಮೇಲಿನಿಂದ ಆರಂಭಿಸಿ ಕೆಳಕ್ಕೆ ಬರತಕ್ಕದ್ದು. ಹೆಚ್ಚುವರಿ ನೀರು ಯಾರ ಹೊಲದ ಯಾವ ಬದುವಿನಿಂದ ಹಾಯಬೇಕೆಂಬದನ್ನು ಗೌಡರೂ ಪಂಚರೂ ಮಳೆಗಾಲದ ಮೊದಲೇ, ಎಲ್ಲರೂ ಹೊಲದಲ್ಲಿ ನಿಂತು, ಗೊತ್ತುಮಾಡಿಕೊಡಬೇಕು. ನೀರು ಹರಿಯುವಾಗ ಹುಟ್ಟಿದ ಜಗಳವು ಕೋರ್ಟಿನಲ್ಲಿ ಮುಗಿಯುವಷ್ಟರಲ್ಲಿ ಎಷ್ಟೋ ಮಳೆಗಾಲಗಳ ಮಣ್ಣು ಹೊಳೆಯ ಪಾಲಾಗಿರುತ್ತದೆ.

ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷಗಳು ಬೇಕು. ಅದು ಹೋಗಲು ಕೆಲವೇ ದೊಡ್ಡ ಮಳೆಗಳು ಸಾಕು. ಹೊಲದ ಉತಾರೆಯಲ್ಲಿ ಎಕರೆ ಗುಂಟೆಗಳ ಲೆಕ್ಕವಿರುವದು, ಮಣ್ಣಿನ ಆಳದ ಲೆಕ್ಕವಿರುವದಿಲ್ಲ. ಮಕ್ಕಳಿಗೆ ಎಷ್ಟು ಎಕರೆ ಬಿಟ್ಟೆವೆಂಬದರ ಜೊತೆಗೆ ಎಷ್ಟು ಆಳದ ಮಣ್ಣನ್ನು ಬಿಟ್ಟೆವೆಂಬದನ್ನೂ ಭೂಮಾಲಕರು ಮನಸ್ಸಿನಲ್ಲಿ ತಂದುಕೊಂಡು, ಬರುವ ಮುಂಗಾರಿಯ ಮುಂಚೆಯೇ ಈ ಕೆಲಸಕ್ಕೆ ಕೈಹಾಕಬೇಕೆಂದು ವಿನಂತಿ.